ಗೋಡೆಯ ಪ್ಲಗ್ಗಿನಿಂದ ಶುರುವಾಗುವ ಗೇಮಿಂಗ್ ಕಂಪ್ಯೂಟರ್

ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಳ್ಳುವವರಿಗಾಗಿ ಅಂತರ್ಜಾಲದಲ್ಲಿ ಸಿಗುವ ಬಿಡಿಭಾಗಗಳ ಪಟ್ಟಿಗಳೆಲ್ಲ ಬಹುಮಟ್ಟಿಗೆ ಒಂದೇ ಕ್ರಮದಲ್ಲಿರುತ್ತವೆ. ಮೊದಲು ಗ್ರಾಫಿಕ್ಸ್ ಕಾರ್ಡ್, ಆಮೇಲೆ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್. ಎಲ್ಲಕ್ಕಿಂತ ಕೆಳಗೆ, ಹಣ ಉಳಿದರೆ ನೋಡೋಣ ಎಂಬಂತೆ, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದಂತೆ ಬದಲಿಸಿ ಕೊಡುವ ಎಸ್‌ಎಂಪಿಎಸ್. ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಯುಪಿಎಸ್‌ನ ಹೆಸರಂತೂ ಅಲ್ಲಿ ಕಾಣಿಸುವುದೇ ಅಪರೂಪ, ಮನೆಯ ಅರ್ಥಿಂಗ್ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಕರೆಂಟ್ ಎಂದರೆ ಸದಾ ಇರುವಂಥದ್ದು, ಗಾಳಿ ಎಂದರೆ ಒಣಗಿರುವಂಥದ್ದು ಎಂದು ನಂಬಿ ಮಾಡಿದ ಪಟ್ಟಿಗಳು ಅವು. ಮಲೆನಾಡಿನಲ್ಲಿ ಇವೆರಡೂ ನಿಜವಲ್ಲವಾದ್ದರಿಂದ ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಶಿವಮೊಗ್ಗದಲ್ಲಿದ್ದೇನೆ, ಬಿಡುವಾದಾಗ ಆಡುತ್ತೇನೆ, ನೆಂಟರಿಷ್ಟರ ಮನೆಗಳ ಕಂಪ್ಯೂಟರುಗಳನ್ನು ಬಿಚ್ಚಿ ಜೋಡಿಸುವ ಕೆಲಸವೂ ನನ್ನ ಪಾಲಿಗೆ ಬಂದಿದೆ.

ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ನಮ್ಮ ಕಡೆ ದೊಡ್ಡ ಖರೀದಿಗಳೆಲ್ಲ ನಡೆಯುತ್ತವೆ. ಈ ಸಲ ಹೊಸನಗರದ ಕಡೆಯ ಅಕ್ಕನ ಮನೆಯಲ್ಲಿ ಕಂಪ್ಯೂಟರಿನ ಸರದಿ ಬಂತು. ಪದವಿ ಓದುತ್ತಿರುವ ಅವಳ ಮಗ ಒಂದು ಪಟ್ಟಿ ಮಾಡಿ ಕಳುಹಿಸಿದ್ದ. "ಚಿಕ್ಕಿ, ಇದರಲ್ಲಿ ಏನಾದ್ರೂ ಬದಲಾಯಿಸ್ಬೇಕಾ ನೋಡಿ" ಎಂದು ಅವನು, "ನಿಂಗೆ ಗೊತ್ತಾಗತ್ತಲ್ಲೇ, ಸರಿಯಾಗಿ ನೋಡಿ ಹೇಳು, ದುಡ್ಡು ಸುಮ್ನೆ ಬರಲ್ಲ" ಎಂದು ಅಕ್ಕ. ಪಟ್ಟಿಯಲ್ಲಿ 250 ವ್ಯಾಟ್ ಬಳಸುವ ಆರ್‌ಟಿಎಕ್ಸ್ 5070 ಕಾರ್ಡಿಗೆ ಹಣದ ಅರ್ಧಕ್ಕಿಂತ ಹೆಚ್ಚು ಭಾಗ ಹೋಗಿತ್ತು. ಕೊನೆಯ ಸಾಲಿನಲ್ಲಿ "ಯಾವುದಾದರೂ 650 ವ್ಯಾಟ್ ಎಸ್‌ಎಂಪಿಎಸ್" ಎಂದಿತ್ತು. ಆ "ಯಾವುದಾದರೂ" ಎಂಬಲ್ಲಿಂದಲೇ ನಾವು ಮಾತು ಆರಂಭಿಸಿದೆವು.

ಅವನ ಮನೆಯ ಹಳೆಯ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಬರಿಗಾಲಿನಲ್ಲಿ ನಿಂತು ಮುಟ್ಟಿದರೆ ಬೆರಳಿಗೆ ಜುಮ್ ಎನ್ನುತ್ತಿತ್ತು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದು ಇದ್ದದ್ದೇ ಎಂದು ಜನ ಸುಮ್ಮನಿರುತ್ತಾರೆ, ಮಕ್ಕಳಿಗೆ ಚಪ್ಪಲಿ ಹಾಕಿಕೊಂಡು ಕೂರಲು ಹೇಳುತ್ತಾರೆ. ಅದರ ಕಾರಣ ಸರಳವಾದದ್ದು. ಎಸ್‌ಎಂಪಿಎಸ್‌ನ ಬಾಗಿಲಲ್ಲೇ ವಿದ್ಯುತ್ತಿನ ಗದ್ದಲವನ್ನು ಸೋಸುವ ಒಂದು ಭಾಗ ಇರುತ್ತದೆ. ಅಲ್ಲಿ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಲೋಹದ ಪೆಟ್ಟಿಗೆಗೆ, ಅಂದರೆ ಅರ್ಥ್‌ಗೆ, ಜೋಡಣೆಯಾಗಿರುತ್ತವೆ. ಅರ್ಥಿಂಗ್ ಸರಿಯಿದ್ದರೆ ಅವುಗಳ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ತು ನೆಲಕ್ಕೆ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ಟು 230 ವೋಲ್ಟಿನ ಅರ್ಧದಷ್ಟು, ಸುಮಾರು 115 ವೋಲ್ಟಿನಲ್ಲಿ ತೇಲುತ್ತಾ ನಿಂತು, ಮುಟ್ಟಿದವರ ಮೈಯ ಮೂಲಕ ದಾರಿ ಹುಡುಕುತ್ತದೆ. ಹರಿಯುವ ಪ್ರಮಾಣ ಮಿಲಿ ಆಂಪಿಯರ್‌ಗಿಂತಲೂ ಕಡಿಮೆಯಾದ್ದರಿಂದ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ಆದರೆ ಆ ಜುಮ್ ಎಂಬುದು ಮನೆಯಲ್ಲಿ ಅರ್ಥಿಂಗ್ ಇಲ್ಲ ಎಂಬುದಕ್ಕೆ ಸಿಗುವ ನಂಬಬಹುದಾದ ಸೂಚನೆ. ನಾಳೆ ಬೇರಾವುದೋ ಉಪಕರಣದಲ್ಲಿ ಫೇಸ್ ತಂತಿಯೇ ಲೋಹಕ್ಕೆ ತಾಗಿದರೆ ಕಾಪಾಡಲು ಏನೂ ಇಲ್ಲ ಎಂದೂ ಅದು ಹೇಳುತ್ತಿದೆ.

ಹಾಗಾಗಿ ಕಂಪ್ಯೂಟರಿನ ಮೊದಲ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಮನೆಯ ಹಿಂದೆ ಗುಂಡಿ ತೆಗೆದು, ಇದ್ದಿಲು ಮತ್ತು ಉಪ್ಪು ಪದರ ಪದರವಾಗಿ ತುಂಬಿ, ಪೈಪ್ ಇಳಿಸಿ, ಅಲ್ಲಿಂದ ಸರಿಯಾದ ತಂತಿಯನ್ನು ಕಂಪ್ಯೂಟರ್ ಇಡುವ ಕೋಣೆಯ ಮೂರು ಪಿನ್ನಿನ ಸಾಕೆಟ್ಟಿನವರೆಗೆ ಎಳೆಸಬೇಕು. ಕೆಲಸ ಮುಗಿದ ಮೇಲೆ ಮಲ್ಟಿಮೀಟರ್ ಹಿಡಿದು ನೋಡಿದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ತೋರಿಸುತ್ತದೆಯೋ ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ತೋರಿಸಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಮೀರಬಾರದು. ಜಂಬಿಟ್ಟಿಗೆಯ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತಾಗಿ ವಿದ್ಯುತ್ತನ್ನು ಹಿಡಿಯುವುದನ್ನೇ ಬಿಡುವುದರಿಂದ ಫೆಬ್ರುವರಿಯಿಂದ ಮೊದಲ ಮಳೆಯವರೆಗೆ ಗುಂಡಿಗೆ ಆಗಾಗ ನೀರು ಹಾಕುತ್ತಿರಬೇಕು. ಮೂರನೆಯ ಪಿನ್ನನ್ನು ಹಾರಿಸಿಬಿಡುವ ಎರಡು ಪಿನ್ನಿನ ಅಡಾಪ್ಟರುಗಳನ್ನು ಮನೆಯಿಂದ ಹೊರಗೆ ಹಾಕಬೇಕು. ಇಷ್ಟಕ್ಕೂ ತಗಲುವ ಖರ್ಚು ಒಂದು ಒಳ್ಳೆಯ ಕೀಬೋರ್ಡಿನ ಬೆಲೆಯ ಆಸುಪಾಸಿನಲ್ಲಿ ಮುಗಿಯುತ್ತದೆ.

ಇನ್ನು ಕರೆಂಟಿನ ವಿಷಯ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಅಲ್ಲಿಂದ ಹೊರಡುವ ದೊಡ್ಡ ಲೈನುಗಳು ಎತ್ತರದ ಗೋಪುರಗಳ ಮೇಲೆ, ಅಡಿಯಲ್ಲಿ ಮರ ಸವರಿದ ದಾರಿಯಲ್ಲಿ ಹೋಗುತ್ತವೆ. ನಮ್ಮ ಊರುಗಳಿಗೆ ಬರುವ 11 ಕೆವಿ ಲೈನು ಹಾಗಲ್ಲ. ಅದು ಗಿಡ್ಡ ಕಂಬಗಳ ಮೇಲೆ ಕಾಡು, ತೋಟ, ಹಳ್ಳಗಳನ್ನು ದಾಟಿ ಬರುತ್ತದೆ. ಆಗುಂಬೆ, ಹುಲಿಕಲ್ಲಿನಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿನ ಆಚೀಚೆ ಮಳೆ ಸುರಿಯುವಾಗ ಎಲ್ಲೋ ಒಂದು ಕಡೆ ಕೊಂಬೆ ಬಿದ್ದೇ ಬೀಳುತ್ತದೆ. ಕರೆಂಟ್ ಪೂರಾ ಹೋದರೆ ಕಂಪ್ಯೂಟರಿಗೆ ಅಷ್ಟೇನೂ ನಷ್ಟವಿಲ್ಲ. ಹೋಗಿ ಬಂದು ಹೋಗಿ ಬಂದು ಮಾಡುವುದು, ಸಂಜೆ ಪಂಪ್‌ಸೆಟ್ಟುಗಳೆಲ್ಲ ಓಡುವಾಗ ವೋಲ್ಟೇಜ್ 180ಕ್ಕೆ ಇಳಿಯುವುದು, ಇವು ಕೆಟ್ಟವು. ಎಲ್ಲಕ್ಕಿಂತ ಕೆಟ್ಟದ್ದು ಟಿ.ಸಿ.ಯಿಂದ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನಿಂದ, ಬರುವ ನ್ಯೂಟ್ರಲ್ ತಂತಿ ಕಡಿದುಹೋಗುವುದು. ಆಗ ಒಂದು ಫೇಸಿನ ಮನೆಗೂ ಇನ್ನೊಂದು ಫೇಸಿನ ಮನೆಗೂ ನಡುವಿನ 400 ವೋಲ್ಟ್ ಅಡ್ಡಾದಿಡ್ಡಿಯಾಗಿ ಹಂಚಿಹೋಗಿ, 230 ವೋಲ್ಟ್ ಬರಬೇಕಾದ ಸಾಕೆಟ್ಟಿಗೆ 300 ದಾಟಿದ ವೋಲ್ಟೇಜ್ ಬರಬಹುದು. ಮಿತಿ ಮೀರಿದೊಡನೆ ಲೈನನ್ನೇ ಕತ್ತರಿಸುವ ಒಂದು ವೋಲ್ಟೇಜ್ ಪ್ರೊಟೆಕ್ಟರನ್ನು ಮನೆಯ ಬೋರ್ಡಿನಲ್ಲಿ ಕೂರಿಸಿಕೊಂಡರೆ ಕಂಪ್ಯೂಟರಿನ ಜೊತೆಗೆ ಫ್ರಿಜ್ಜು, ಟಿವಿಗಳೂ ಉಳಿಯುತ್ತವೆ.

ಈ ಹಿನ್ನೆಲೆಯಲ್ಲಿ ಎಸ್‌ಎಂಪಿಎಸ್ ನೋಡಬೇಕು. ಅದರ ಪಕ್ಕದಲ್ಲಿ ಅಂಟಿಸಿರುವ ಚೀಟಿಯ ಮೇಲೆ ಎಷ್ಟು ವ್ಯಾಟ್ ಎಂಬುದನ್ನು ಎಲ್ಲರೂ ಓದುತ್ತಾರೆ. ಅದೇ ಚೀಟಿಯ ಮೊದಲ ಸಾಲಿನಲ್ಲಿ ಒಳಬರುವ ವೋಲ್ಟೇಜ್ ಬರೆದಿರುತ್ತದೆ, ನಮಗೆ ಅದು ಹೆಚ್ಚು ಮುಖ್ಯ. ಕೆಲವು ಮಾದರಿಗಳ ಮೇಲೆ 200–240 ವೋಲ್ಟ್ ಎಂದು ಇರುತ್ತದೆ, ಕೆಲವದರ ಮೇಲೆ 100–240 ವೋಲ್ಟ್ ಎಂದು ಇರುತ್ತದೆ. ಮೊದಲಿನದು ಸಂಜೆಯ 180 ವೋಲ್ಟಿಗೆ ಬಳಲುತ್ತದೆ ಅಥವಾ ಆರುತ್ತದೆ. ಎರಡನೆಯದು ಅದೇ 180ರಲ್ಲಿ ತುಸು ಹೆಚ್ಚು ಆಂಪಿಯರ್ ಎಳೆದುಕೊಂಡು ಏನೂ ಆಗದಂತೆ ನಡೆಯುತ್ತದೆ. ಒಂದೇ ಬೆಲೆಯ ಎರಡು ಪೆಟ್ಟಿಗೆಗಳ ನಡುವೆ ಆಯ್ಕೆ ಬಂದರೆ ಈ ಒಂದು ಸಾಲು ನೋಡಿ ತೀರ್ಮಾನಿಸಬಹುದು.

80 ಪ್ಲಸ್ ಬ್ರಾಂಝ್, ಗೋಲ್ಡ್ ಎಂಬ ಮುದ್ರೆಗಳಿಗೆ ನಮ್ಮವರು ಕೊಡುವ ಅರ್ಥ ಅವುಗಳಿಗೆ ಇರುವುದಕ್ಕಿಂತ ದೊಡ್ಡದು. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಬಿಸಿಯಾಗಿ ಪೋಲಾಗದೆ ಒಳಗಿನ ಭಾಗಗಳಿಗೆ ತಲುಪುತ್ತದೆ ಎಂಬುದನ್ನು ಮಾತ್ರ ಆ ಮುದ್ರೆ ಹೇಳುತ್ತದೆ. ಗೋಲ್ಡ್ ಎಂದರೆ ಅರ್ಧ ಹೊರೆಯಲ್ಲಿ ಶೇ 90ರ ಆಸುಪಾಸು. ವೋಲ್ಟೇಜ್ ಏರಿದಾಗ, ಶಾರ್ಟ್ ಆದಾಗ, ಅತಿಯಾಗಿ ಬಿಸಿಯಾದಾಗ ಅದು ತನ್ನನ್ನೂ ಮದರ್‌ಬೋರ್ಡನ್ನೂ ಉಳಿಸಿಕೊಳ್ಳುವ ರೀತಿಯಲ್ಲಿ ಆರುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಆ ಮುದ್ರೆಯಲ್ಲಿ ಉತ್ತರವಿಲ್ಲ. ಅದಕ್ಕಾಗಿ ರಕ್ಷಣೆಗಳ ಪಟ್ಟಿಯನ್ನು ಓದಬೇಕು, ಬಿಚ್ಚಿ ಪರೀಕ್ಷಿಸಿದವರ ವಿಮರ್ಶೆ ಹುಡುಕಬೇಕು, ವಾರಂಟಿ ಎಷ್ಟು ವರ್ಷ ಎಂದು ನೋಡಬೇಕು. ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ವಾರಂಟಿ ಕೊಡುವ ತಯಾರಕ ತನ್ನ ಕೆಪಾಸಿಟರುಗಳ ಮೇಲೆ ನಂಬಿಕೆ ಇಟ್ಟಿದ್ದಾನೆ ಎಂದೇ ನಾನು ತಿಳಿಯುತ್ತೇನೆ.

ಕೆಪಾಸಿಟರ್ ಎಂದಾಗ ಇನ್ನೊಂದು ಮಾತು. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರು ಹಿತ್ತಲ ತೊಟ್ಟಿಯ ಹಾಗೆ. ಹರಿದು ಬರುವ ನೀರು ನಿಂತರೂ ತೊಟ್ಟಿ ಬರಿದಾಗುವವರೆಗೆ ಕೆಲಸ ನಡೆಯುತ್ತದೆ. ಪೂರ್ಣ ಹೊರೆಯಲ್ಲಿ ಈ ಬಿಡುವು ಹಳೆಯ ಎಟಿಎಕ್ಸ್ ಮಾನದಂಡದಂತೆ 16 ಮಿಲಿಸೆಕೆಂಡಿನಷ್ಟು, ಅಂದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಸುತ್ತಿಗಿಂತಲೂ ಕಡಿಮೆ. ಮಾಮೂಲಿ ಲೈನ್ ಇಂಟರ‍್ಯಾಕ್ಟಿವ್ ಯುಪಿಎಸ್ ಗೋಡೆಯಿಂದ ಬ್ಯಾಟರಿಗೆ ಬದಲಾಯಿಸಿಕೊಳ್ಳಲು ಕೆಲವು ಮಿಲಿಸೆಕೆಂಡ್, ಹೆಚ್ಚೆಂದರೆ ಹತ್ತರಷ್ಟು ತೆಗೆದುಕೊಳ್ಳುವುದರಿಂದ ಲೆಕ್ಕ ಹೊಂದುತ್ತದೆ. ಮನೆಯ ಇನ್ವರ್ಟರು ಸಾಮಾನ್ಯ ಸ್ಥಿತಿಯಲ್ಲಿ ಇದಕ್ಕಿಂತ ಬಹಳ ನಿಧಾನ. ಬಲ್ಬು ಒಮ್ಮೆ ಮಿಣುಕಿ ಹತ್ತಿಕೊಳ್ಳುವಷ್ಟರಲ್ಲಿ ಕಂಪ್ಯೂಟರ್ ಆರಿ ಮತ್ತೆ ಮೊದಲಿಂದ ಶುರುವಾಗಿರುತ್ತದೆ. ಇನ್ವರ್ಟರಿನ ಹಿಂಬದಿಯ ಯುಪಿಎಸ್ ಸ್ವಿಚ್ ಒತ್ತಿದರೆ ಆ ಅಂತರ ಕಿರಿದಾಗುತ್ತದೆ, ನಿಜ. ಆದರೂ ಗೇಮಿಂಗ್ ಕಂಪ್ಯೂಟರನ್ನು ಮನೆಯ ಇನ್ವರ್ಟರಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆಷಾಢದಲ್ಲಿ ಮೂರು ದಿನ ಕರೆಂಟ್ ಬಾರದಿದ್ದಾಗ ಆ ಬ್ಯಾಟರಿ ಅಡುಗೆಮನೆಯ ದೀಪಕ್ಕೆ ಮತ್ತು ಫೋನಿಗೆ ಬೇಕು.

ಯುಪಿಎಸ್ ಕೊಳ್ಳುವಾಗ ವಿಎ (ವೋಲ್ಟ್-ಆಂಪಿಯರ್) ಮತ್ತು ವ್ಯಾಟ್ ಎರಡನ್ನೂ ಓದಬೇಕು. 600 ವಿಎ ಎಂದು ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರುತ್ತದೆ, 1,000 ವಿಎ ಎಂಬುದು 600 ವ್ಯಾಟ್. ನಮ್ಮ ಹುಡುಗನ ಕಾರ್ಡಿನ ಆಯ್ಕೆ ಬದಲಾದದ್ದು ಈ ಅಂಕಿಗಳ ಮುಂದೆ ಕುಳಿತಾಗ. 65 ವ್ಯಾಟಿನ ವರ್ಗದ ಪ್ರೊಸೆಸರ್ ಪೂರ್ತಿ ದುಡಿಯುವಾಗ 88 ವ್ಯಾಟ್, 5070 ಕಾರ್ಡಿಗೆ 250, ಬೋರ್ಡು, ಫ್ಯಾನು, ಎಸ್‌ಎಸ್‌ಡಿಗಳಿಗೆ ಐವತ್ತರಷ್ಟು, ಎಸ್‌ಎಂಪಿಎಸ್‌ನಲ್ಲಿ ಪೋಲಾಗುವ ಹತ್ತನೆಯ ಒಂದು ಪಾಲು, ಮಾನಿಟರಿಗೆ ಮೂವತ್ತು. ಹೀಗೆ ಕೂಡಿಸಿದರೆ ಗೋಡೆಯಿಂದ 460 ವ್ಯಾಟಿನಷ್ಟು ಬೇಕಾಗುತ್ತದೆ. 160 ವ್ಯಾಟಿನ ಕಾರ್ಡ್ ಆದರೆ ಅದು 360ರ ಆಸುಪಾಸಿಗೆ ಇಳಿಯುತ್ತದೆ. ಕಾರ್ಡುಗಳು ಕ್ಷಣಮಾತ್ರಕ್ಕೆ ತಮ್ಮ ಹೇಳಿಕೆಯ ವ್ಯಾಟನ್ನು ಮೀರಿ ಎಳೆಯುವುದೂ ಉಂಟು, ಅಂಥ ಕ್ಷಣದಲ್ಲೇ ಕರೆಂಟ್ ಹೋದರೆ ತುಂಬಿ ತುಳುಕುವಂತಿರುವ ಯುಪಿಎಸ್ ಕೈಚೆಲ್ಲುತ್ತದೆ. 1,000 ವಿಎ ಯುಪಿಎಸ್‌ನ ಮೇಲೆ 360 ವ್ಯಾಟ್ ಹೊರೆ ಇದ್ದರೆ ಸಾಕಷ್ಟು ಎಡೆ ಉಳಿಯುತ್ತದೆ, ಆಟವನ್ನು ಸೇವ್ ಮಾಡಿ, ವಿಂಡೋಸ್ ಮುಚ್ಚಿ, ಏಳಲು ಬೇಕಾದ ಕೆಲವು ನಿಮಿಷಗಳು ಸಿಗುತ್ತವೆ. ಯುಪಿಎಸ್‌ನಿಂದ ಅದಕ್ಕಿಂತ ಹೆಚ್ಚನ್ನು ಬಯಸುವ ಅಗತ್ಯವೂ ಇಲ್ಲ.

ಅಲೆಯ ಆಕಾರದ ತೊಡಕು ಒಂದಿದೆ. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯ ಮೇಲೆ ನಡೆಯುವಾಗ ನಯವಾದ ಸೈನ್ ಅಲೆಯ ಬದಲು ಮೆಟ್ಟಿಲು ಮೆಟ್ಟಿಲಾದ ಅಲೆಯನ್ನು ಕೊಡುತ್ತವೆ, ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿರುವ ಆ್ಯಕ್ಟಿವ್ ಪಿಎಫ್‌ಸಿ ಎಂಬ, ಗೋಡೆಯಿಂದ ವಿದ್ಯುತ್ತನ್ನು ಅಲೆಯ ಆಕಾರಕ್ಕೆ ಹೊಂದಿಸಿ ಎಳೆಯುವ, ವ್ಯವಸ್ಥೆಗೆ ಅದು ಕೆಲವೊಮ್ಮೆ ಒಗ್ಗುವುದಿಲ್ಲ. ಒಗ್ಗದ ಜೋಡಿಯಾದರೆ ಕರೆಂಟ್ ಹೋದ ಕ್ಷಣದಲ್ಲೇ ಕಂಪ್ಯೂಟರೂ ಆರುತ್ತದೆ. ಕಾಗದದ ಮೇಲೆ ಇದನ್ನು ಪತ್ತೆ ಮಾಡಲು ಬರುವುದಿಲ್ಲ, ಜೋಡಿಸಿದ ಮೇಲೆಯೇ ನೋಡಬೇಕು. ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಣೆಯಾಗಿ ಮುಗಿದಾಗ, ಒಂದು ಆಟ ಓಡುತ್ತಿರುವಾಗಲೇ ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಎಳೆಯಿರಿ ಎಂದು ನಾನು ಕೇಳಿಕೊಂಡೆ. ಅಂಗಡಿಯವರು ಒಮ್ಮೆ ನನ್ನ ಮುಖ ನೋಡಿ "ಮೇಡಂ, ಮೇಲಿನ ಹಳ್ಳಿ ಕಡೆಯವ್ರಾ?" ಎಂದರು. ಹೌದೆಂದೆ. ಅವರೇ ಬಗ್ಗಿ ಪ್ಲಗ್ ಎಳೆದರು. ಯುಪಿಎಸ್ ಬೀಪ್ ಬೀಪ್ ಎಂದು ಕೂಗತೊಡಗಿತು, ಪರದೆಯ ಮೇಲೆ ಕಾರು ಓಡುತ್ತಲೇ ಇತ್ತು, ಹುಡುಗ ಕೀಲಿಯಿಂದ ಕೈ ತೆಗೆಯಲೂ ಇಲ್ಲ. ಪ್ಲಗ್ ಮತ್ತೆ ಹಾಕಿ, ಮತ್ತೆ ಎಳೆದು, ಹೀಗೆ ನಾಲ್ಕಾರು ಸಲ ಮಾಡಿ ನೋಡಿದ ಮೇಲೆ ಬಿಲ್ಲು ಹಾಕಿಸಿದೆವು. ಕೊಳ್ಳುವ ಪ್ರತಿಯೊಬ್ಬರೂ ಈ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿಸಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಗ್ರಾಫಿಕ್ಸ್ ಕಾರ್ಡಿಗೆ ಬರುವ ಮುನ್ನ ಮಾನಿಟರ್ ನಿಶ್ಚಯವಾಗಬೇಕು, ಏಕೆಂದರೆ ಕಾರ್ಡು ದುಡಿಯುವುದು ಅದಕ್ಕಾಗಿ. 1920×1080 ಎಂದರೆ ಪ್ರತಿ ಚಿತ್ರಕ್ಕೂ 20.7 ಲಕ್ಷ ಬಿಂದುಗಳು, 2560×1440 ಎಂದರೆ 36.9 ಲಕ್ಷ, 4ಕೆ ಎಂದರೆ 82.9 ಲಕ್ಷ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2ರಂಥ ಶೂಟಿಂಗ್ ಆಟಗಳನ್ನೇ ಆಡುವವರಿಗೆ ಮೊದಲ ಅಳತೆಯಲ್ಲಿ ಹೆಚ್ಚು ಹರ್ಟ್ಸಿನ ಪರದೆ ಸಾಕು. 60 ಹರ್ಟ್ಸಿನಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ 16.7 ಮಿಲಿಸೆಕೆಂಡ್ ಇದ್ದರೆ 144 ಹರ್ಟ್ಸಿನಲ್ಲಿ 6.9 ಇರುತ್ತದೆ, ಓಡುವ ಎದುರಾಳಿಯನ್ನು ಹಿಂಬಾಲಿಸುವ ಕಣ್ಣಿಗೆ ಆ ವ್ಯತ್ಯಾಸ ತಿಳಿಯುತ್ತದೆ. ಕಥೆಯಿರುವ, ಕಾಡು ಬೆಟ್ಟಗಳ ಚೆಲುವು ತೋರಿಸುವ ಆಟಗಳಿಗೆ ಎರಡನೆಯ ಅಳತೆ ಹಿತ. ನಮ್ಮ ಹುಡುಗ ಎರಡೂ ಬಗೆಯನ್ನು ಆಡುವವನಾದ್ದರಿಂದ 27 ಇಂಚಿನ 1440ರ ಪರದೆ ಆರಿಸಿದೆವು. ಮಾನಿಟರ್ ಹತ್ತು ವರ್ಷ ಬಾಳುತ್ತದೆ, ಕಾರ್ಡು ಐದು ವರ್ಷಕ್ಕೆ ಹಳತಾಗುತ್ತದೆ. ಜೇಬು ಬಿಗಿಯಾದಾಗಲೂ ಪರದೆಯಲ್ಲಿ ಜಿಪುಣತನ ಮಾಡಬಾರದೆಂಬುದು ನನ್ನ ಮತ.

ಕಾರ್ಡಿನಲ್ಲಿ ನಾನು ಪಟ್ಟು ಹಿಡಿದದ್ದು ಅದರೊಳಗಿನ ಮೆಮೊರಿಯ ಬಗ್ಗೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ, ಎರಡೂ 8 ಜಿಬಿ ಮತ್ತು 16 ಜಿಬಿ ಎಂಬ ಎರಡು ರೂಪಗಳಲ್ಲಿ, ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಈಚಿನ ದೊಡ್ಡ ಆಟಗಳು ಹೆಚ್ಚಿನ ಗುಣಮಟ್ಟದಲ್ಲಿ 8 ಜಿಬಿಯನ್ನು ತುಂಬಿಬಿಡುತ್ತವೆ. ತುಂಬಿದೊಡನೆ ಹೆಚ್ಚಾದದ್ದನ್ನು ಮದರ್‌ಬೋರ್ಡಿನ ದಾರಿಯಾಗಿ ರ‍್ಯಾಮಿಗೆ ಸಾಗಿಸಬೇಕಾಗಿ ಬಂದು, ಸರಾಸರಿ ವೇಗ ಚೆನ್ನಾಗಿಯೇ ಕಾಣುತ್ತಿದ್ದರೂ ಆಟ ನಡುನಡುವೆ ತಡವರಿಸುತ್ತದೆ, ಇಲ್ಲವೇ ಗೋಡೆ, ಮರ, ಬಟ್ಟೆಗಳ ಮೇಲಿನ ಚಿತ್ತಾರಗಳು ಮಸುಕಾಗುತ್ತವೆ. ಕಾರ್ಡಿನ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಆದ್ದರಿಂದ ಪೆಟ್ಟಿಗೆಯ ಮೇಲಿನ ಆ ಅಂಕಿಯನ್ನು ಅಂಗಡಿಯಲ್ಲೇ ಕಣ್ಣಾರೆ ನೋಡಿ, ಬಿಲ್ಲಿನಲ್ಲೂ ಬರೆಸಿಕೊಳ್ಳಬೇಕು. ಹುಡುಗನಿಗೆ ಕೊನೆಗೆ ಕೊಂಡದ್ದು 160 ವ್ಯಾಟಿನ 9060 ಎಕ್ಸ್‌ಟಿ, 16 ಜಿಬಿ. 5070ರಷ್ಟು ವೇಗ ಇದಕ್ಕಿಲ್ಲ ಎಂದು ಅವನಿಗೆ ಮೊದಲು ಬೇಸರವಾಯಿತು. 5070ರಲ್ಲಿ ಇರುವುದು 12 ಜಿಬಿ ಎಂದೂ, ಉಳಿದ ಹಣದಲ್ಲಿ ಮಾನಿಟರ್ ಮತ್ತು ಯುಪಿಎಸ್ ಎರಡೂ ಬರುತ್ತವೆ ಎಂದೂ ಲೆಕ್ಕ ಹಾಕಿ ತೋರಿಸಿದ ಮೇಲೆ ಒಪ್ಪಿದ.

ಪ್ರೊಸೆಸರಿನ ವಿಷಯದಲ್ಲಿ ಬಹಳ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಈ ವರ್ಗದ ಕಾರ್ಡಿಗೆ ಆರು ಕೋರಿನ ಈಚಿನ ಯಾವ ಪ್ರೊಸೆಸರಾದರೂ ಸಾಕು. ನಾನು ಒಂದು ಷರತ್ತು ಮಾತ್ರ ಹಾಕುತ್ತೇನೆ. ಪ್ರೊಸೆಸರಿನೊಳಗೇ ಸಣ್ಣದೊಂದು ಗ್ರಾಫಿಕ್ಸ್ ಇರಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಎಂದಿರುವ ಮಾದರಿಗಳಲ್ಲಿ ಅದು ಇರುವುದಿಲ್ಲ, ಎಎಂಡಿಯ ಹಳೆಯ ರೈಜನ್ 5600ರಲ್ಲೂ ಇಲ್ಲ, 2023ರ ರೈಜನ್ 7600ರಲ್ಲಿ ಇದೆ. ಬೆಂಗಳೂರಿನಲ್ಲಿ ಕಾರ್ಡು ಕೆಟ್ಟರೆ ಗೆಳೆಯನೊಬ್ಬನ ಕಾರ್ಡು ಹಾಕಿ ನೋಡಬಹುದು, ಅಥವಾ ಸರ್ವಿಸ್ ಸೆಂಟರಿಗೆ ಸ್ಕೂಟರಿನಲ್ಲಿ ಹೋಗಿ ಬರಬಹುದು. ಹೊಸನಗರದ ಹಳ್ಳಿಯಲ್ಲಿ ಕೆಟ್ಟರೆ ಅದನ್ನು ಕೊರಿಯರಿನಲ್ಲಿ ಕಳುಹಿಸಿ ವಾರಗಟ್ಟಲೆ ಕಾಯಬೇಕು. ಅಷ್ಟು ದಿನವೂ ಆ ಸಣ್ಣ ಗ್ರಾಫಿಕ್ಸಿನಿಂದ ಹುಡುಗನ ಓದು, ಭಾವನ ತೋಟದ ಲೆಕ್ಕ, ಅಕ್ಕನ ಯೂಟ್ಯೂಬು ಎಲ್ಲ ನಡೆಯುತ್ತಿರುತ್ತದೆ. ಕೆಟ್ಟಿರುವುದು ಕಾರ್ಡೋ ಬೋರ್ಡೋ ಎಂದು ಮನೆಯಲ್ಲೇ ಪತ್ತೆ ಮಾಡಲೂ ಅದೇ ಆಧಾರ.

7600 ಕೂರುವ ಎಎಂ5 ಸಾಕೆಟ್ 2022ರ ಸೆಪ್ಟೆಂಬರಿನಲ್ಲಿ ಬಂದದ್ದು. ಅದಕ್ಕೆ ಹೊಸ ಪ್ರೊಸೆಸರುಗಳನ್ನು 2027ರವರೆಗೂ ಅದರಾಚೆಗೂ ತರುವುದಾಗಿ ಎಎಂಡಿ ಹೇಳಿರುವುದರಿಂದ ಮುಂದೊಂದು ದಿನ ಪ್ರೊಸೆಸರನ್ನಷ್ಟೇ ಬದಲಾಯಿಸುವ ಅವಕಾಶ ಉಳಿಯುತ್ತದೆ. ಪೆಟ್ಟಿಗೆಯಲ್ಲಿ ಬರುವ ಕೂಲರ್ ನಮ್ಮ ಹವೆಗೆ ಸಾಕು, ನೀರಿನ ಕೂಲರ್ ಬೇಡ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿದೆ, ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳು ಬೇಕು. ಈಗಿನ ಬೋರ್ಡುಗಳಲ್ಲೆಲ್ಲ ಇವು ಇವೆ.

ರ‍್ಯಾಮ್ ಕೊಳ್ಳಲು ಇದು ಒಳ್ಳೆಯ ಕಾಲವಲ್ಲ. 2025ರ ಕೊನೆಯ ತಿಂಗಳುಗಳಿಂದ ಬೆಲೆ ಏರುತ್ತಾ ಹೋಯಿತು; ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ, ಮೈಕ್ರಾನ್ ಕಂಪನಿಯಂತೂ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ವ್ಯವಹಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. 32 ಜಿಬಿಯ ಆಸೆ ಬಿಟ್ಟು 8 ಜಿಬಿಯ ಎರಡು ಕಡ್ಡಿ ಹಾಕಿದೆವು. ಒಂದೇ 16 ಜಿಬಿ ಕಡ್ಡಿ ಹಾಕಿ ಇನ್ನೊಂದನ್ನು ಆಮೇಲೆ ಸೇರಿಸುವ ಯೋಚನೆಯೂ ಇತ್ತು. ಆದರೆ ಒಂದೇ ಕಡ್ಡಿಯಾದರೆ ಎರಡು ದಾರಿಗಳ ಬದಲು ಒಂದೇ ದಾರಿಯಲ್ಲಿ ದತ್ತಾಂಶ ಹರಿದು ಆಟದ ವೇಗ ಕುಗ್ಗುತ್ತದೆ, ಬೆಲೆ ಯಾವಾಗ ಇಳಿಯುತ್ತದೆಂದು ಭರವಸೆಯೂ ಇಲ್ಲ.

ಎಸ್‌ಎಸ್‌ಡಿಯಲ್ಲಿ ವೇಗಕ್ಕಿಂತ ಜಾಗ ದೊಡ್ಡದಿರಲಿ ಎಂದು ನಾನು ಹೇಳುವುದಕ್ಕೆ ಕಾರಣ ನಮ್ಮ ಇಂಟರ್ನೆಟ್ಟು. ರೆಡ್ ಡೆಡ್ ರಿಡೆಂಪ್ಷನ್ 2ಕ್ಕೆ 150 ಜಿಬಿ ಜಾಗ ಬೇಕು. ಅಷ್ಟನ್ನು 40 ಎಂಬಿಪಿಎಸ್ ಸಂಪರ್ಕದಲ್ಲಿ ಇಳಿಸಿಕೊಳ್ಳಲು, ಒಂದು ಕ್ಷಣವೂ ಕಡಿಯದಿದ್ದರೆ, ಎಂಟು ಗಂಟೆಗೂ ಹೆಚ್ಚು ಬೇಕು. ಮಳೆಗಾಲದಲ್ಲಿ ಕಡಿಯದೇ ಇರುವುದುಂಟೇ! ಇಳಿಸಿಕೊಂಡ ಆಟವನ್ನು ಜಾಗ ಸಾಲದೆಂದು ಅಳಿಸಿಹಾಕುವುದು ನಮ್ಮಲ್ಲಿ ದುಬಾರಿ. ಸೆಕೆಂಡಿಗೆ 7,000 ಎಂಬಿ ಓದುವ 500 ಜಿಬಿಗಿಂತ 3,500 ಎಂಬಿ ಓದುವ 1 ಟಿಬಿ ನಮಗೆ ಹೆಚ್ಚು ಉಪಯುಕ್ತ, ಆಟ ತೆರೆಯುವ ಹೊತ್ತಿನಲ್ಲಿ ಇವೆರಡರ ನಡುವೆ ಕಾಣುವ ಅಂತರವೂ ಅತ್ಯಲ್ಪ. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಬಿಸಾಡದೆ ಆಟಗಳ ಕಣಜವಾಗಿ ಇಟ್ಟುಕೊಂಡರೆ, ಆಡುವಾಗ ಎಸ್‌ಎಸ್‌ಡಿಗೆ ಸಾಗಿಸಿಕೊಳ್ಳಬಹುದು. ಆಟಗಳನ್ನು ಮಾರುವ ಸ್ಟೀಮ್‌ನಲ್ಲಿ 2023ರಿಂದ ಒಂದೇ ಮನೆಯ ನೆಟ್‌ವರ್ಕಿನ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಆಟವನ್ನು ನೇರವಾಗಿ ನಕಲಿಸುವ ಸೌಲಭ್ಯವಿದೆ. ರಜೆಗೆ ಊರಿಗೆ ಬರುವ ದಾಯಾದಿ ತಮ್ಮನ ಲ್ಯಾಪ್‌ಟಾಪಿನಿಂದ ಆಟಗಳನ್ನು ಹಾಗೆಯೇ ತುಂಬಿಕೊಳ್ಳುವ ಯೋಜನೆ ಈಗಾಗಲೇ ಸಿದ್ಧವಾಗಿದೆ.

ಕ್ಯಾಬಿನೆಟ್ಟಿನ ಆಯ್ಕೆ ಮಳೆಗಾಲವನ್ನು ಕಣ್ಮುಂದೆ ಇಟ್ಟುಕೊಂಡು ಆಗಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಚಪ್ಪಲಿ, ಬೆಲ್ಟು, ಪುಸ್ತಕಗಳ ಮೇಲೆಲ್ಲ ಬೂಷ್ಟು ಬರುವ ಮನೆಯಲ್ಲಿ ಕಂಪ್ಯೂಟರೊಂದು ಮಾತ್ರ ಹೊರತಾಗಿರಲು ಸಾಧ್ಯವಿಲ್ಲ. ಮಳೆಗಾಲ ಮುಗಿದ ಮೇಲೆ ಹಳೆಯ ಕಂಪ್ಯೂಟರಿನ ರ‍್ಯಾಮ್ ಕಡ್ಡಿಯನ್ನು ಬೆಳಕಿಗೆ ಹಿಡಿದರೆ, ಕೆಳಗಂಚಿನ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಉಸಿರು ತಾಗಿದ ಕನ್ನಡಿಯಲ್ಲಿ ಕಾಣುವ ಮಂಕು ಕಾಣುತ್ತದೆ. ಪೆನ್ಸಿಲ್ ಅಳಿಸುವ ಮೆದು ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ರಬ್ಬರಿನ ಪುಡಿ ಬೂದು ಬಣ್ಣಕ್ಕೆ ತಿರುಗಿ ಹಲ್ಲು ಮತ್ತೆ ಹೊಳೆಯುತ್ತದೆ, "ಆನ್ ಆಗ್ತಾನೇ ಇಲ್ಲ" ಎಂದು ತಂದಿಟ್ಟ ಎಷ್ಟೋ ಕಂಪ್ಯೂಟರುಗಳು ಅಷ್ಟರಿಂದಲೇ ಎದ್ದು ಕುಳಿತಿವೆ. ತೇವದಿಂದ ಕಾಪಾಡುವ ಉತ್ತಮ ಉಪಾಯವೆಂದರೆ ಆ ನಾಲ್ಕು ತಿಂಗಳು ಕಂಪ್ಯೂಟರನ್ನು ದಿನಕ್ಕೊಮ್ಮೆಯಾದರೂ ಒಂದು ಗಂಟೆ ನಡೆಸುವುದು. ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಹಾಗಾಗಿ ಮುಂಭಾಗ ಜಾಲರಿಯದಾಗಿದ್ದು ಗಾಳಿ ಸಲೀಸಾಗಿ ಹೋಗಿಬರುವ ಕ್ಯಾಬಿನೆಟ್ ಬೇಕು, ಜಾಲರಿಯ ಕಣ್ಣುಗಳು ಮಾತ್ರ ಸಣ್ಣದಾಗಿರಬೇಕು. ಬೆಚ್ಚಗಿನ ಪೆಟ್ಟಿಗೆಯನ್ನು ಇರುವೆಗಳೂ ಹಲ್ಲಿಗಳೂ ಹುಡುಕಿಕೊಂಡು ಬರುತ್ತವೆ, ಹಿಂಬದಿಯ ತೆರೆದ ಸ್ಲಾಟಿನಿಂದ ನುಗ್ಗಿದ ಹಲ್ಲಿಯೊಂದು ಎರಡು ಬಿಂದುಗಳನ್ನು ಮುಟ್ಟಿದರೆ ಬೋರ್ಡು ಹೋದಂತೆಯೇ. ಖಾಲಿ ಸ್ಲಾಟುಗಳಿಗೆಲ್ಲ ಮುಚ್ಚಳ ಹಾಕಿ, ಕ್ಯಾಬಿನೆಟ್ಟನ್ನು ನೆಲದಿಂದ ಒಂದಡಿ ಮೇಲೆ, ನೀರು ಹೀರುವ ಹೊರಗೋಡೆಯಿಂದ ಒಂದು ಗೇಣು ದೂರದಲ್ಲಿ ಇಡಬೇಕು.

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಇವುಗಳಲ್ಲಿ ಯಾವುದೂ ಉತ್ತರವಲ್ಲ. ಹತ್ತಿರ ಬಡಿದ ಸಿಡಿಲನ್ನು ಯುಪಿಎಸ್ಸೂ ಸ್ಪೈಕ್ ಬೋರ್ಡೂ ತಡೆಯಲಾರವು, ಮೋಡ ಕಟ್ಟಿದೊಡನೆ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡುವುದೇ ದಾರಿ. ಹಿಂದೆ ತಾಮ್ರದ ಟೆಲಿಫೋನ್ ತಂತಿಯಿಂದ ಇಂಟರ್ನೆಟ್ ಬರುತ್ತಿದ್ದಾಗ ಸಿಡಿಲಿನ ಹೊಡೆತ ಆ ತಂತಿಯ ಮೂಲಕ ಮೋಡೆಮ್ಮಿಗೂ ಅಲ್ಲಿಂದ ಮದರ್‌ಬೋರ್ಡಿಗೂ ಬರುತ್ತಿತ್ತು. ಈಗಿನ ಫೈಬರ್ ಗಾಜಿನ ಎಳೆಯಾದ್ದರಿಂದ ಅದರೊಳಗೆ ವಿದ್ಯುತ್ ಹರಿಯುವುದಿಲ್ಲ. ಆದರೂ ಕಂಬದಿಂದ ಕಂಬಕ್ಕೆ ಎಳೆದ ಕೇಬಲ್ಲಿನ ಆಧಾರಕ್ಕೆ ಉಕ್ಕಿನ ತಂತಿ ಇರಬಹುದು, ರೂಟರಿಗೂ ಕರೆಂಟಿನ ಪ್ಲಗ್ ಇದ್ದೇ ಇದೆ. ಲ್ಯಾನ್ ಕೇಬಲ್ಲನ್ನೂ ಜೊತೆಗೇ ಬಿಡಿಸಿಡುವುದು ಒಳ್ಳೆಯದು.

ಎಲ್ಲಿ ಕೊಳ್ಳಬೇಕು ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮತ್ತು ಆನ್‌ಲೈನಿನಲ್ಲಿ ಬೆಲೆ ಕಡಿಮೆ, ಆಯ್ಕೆ ಹೆಚ್ಚು. ನಾವು ಕಾರ್ಡು ಮತ್ತು ಪ್ರೊಸೆಸರನ್ನು ಆನ್‌ಲೈನಿನಲ್ಲಿ ತರಿಸಿ, ಎಸ್‌ಎಂಪಿಎಸ್, ಬೋರ್ಡು, ಯುಪಿಎಸ್, ಮಾನಿಟರುಗಳನ್ನು ಶಿವಮೊಗ್ಗದಲ್ಲಿ ಕೊಂಡೆವು. ಕೆಡುವ ಸಾಧ್ಯತೆ ಹೆಚ್ಚಿರುವ, ಭಾರವಾದ, ಕೊರಿಯರಿಗೆ ಕಟ್ಟಲು ತೊಡಕಾದ ವಸ್ತುಗಳು ನಮ್ಮ ಬಸ್ಸು ಹೋಗಿಬರುವಷ್ಟು ದೂರದಲ್ಲೇ ಇರಲಿ ಎಂಬುದು ಲೆಕ್ಕಾಚಾರ. ಪ್ರತಿ ವಸ್ತುವಿಗೂ ಜಿಎಸ್‌ಟಿ ಬಿಲ್ಲು ಕೇಳಿ, ಅದರ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡೆವು. ಬಿಲ್ಲಿಲ್ಲದೆ ಶೇ 18 ಉಳಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಒಪ್ಪಿದರೆ ಮೂರು ವರ್ಷದ ವಾರಂಟಿ ಕಾಗದದ ಮೇಲೂ ಉಳಿಯುವುದಿಲ್ಲ.

ಖಾಲಿ ಪೆಟ್ಟಿಗೆಗಳನ್ನು ಅಕ್ಕ ಒಲೆಗೆ ಹಾಕದಂತೆ ಹೇಳಿ ಬಂದಿದ್ದೇನೆ. ವಾರಂಟಿಗೆ ಕಳುಹಿಸುವಾಗ ಕಾರ್ಡನ್ನು ಅದರದೇ ಫೋಮಿನ ಅಚ್ಚಿನಲ್ಲಿ, ಅದರದೇ ಸ್ಟ್ಯಾಟಿಕ್ ತಡೆಯುವ ಚೀಲದಲ್ಲಿ ಇಟ್ಟು ಕಟ್ಟಬೇಕು. ರಟ್ಟು ಅಟ್ಟದ ಮೇಲೆ ಒಂದು ಮಳೆಗಾಲ ಕಳೆದರೆ ಮೆತ್ತಗಾಗಿ ಗೆದ್ದಲಿನ ಪಾಲಾಗುತ್ತದೆ. ಭಾವ ತೋಟದ ಗೊಬ್ಬರ ತಂದಿದ್ದ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮೊಂದನ್ನು ತೊಳೆದು ಒಣಗಿಸಿ ಕೊಟ್ಟಿದ್ದಾರೆ. ಪೆಟ್ಟಿಗೆಗಳೆಲ್ಲ ಅದರೊಳಗಿವೆ, ಬಿಲ್ಲುಗಳ ಫೋಟೊ ನನ್ನ ಫೋನಿನಲ್ಲೂ ಹುಡುಗನ ಫೋನಿನಲ್ಲೂ ಇದೆ. ಅರ್ಥಿಂಗ್ ಗುಂಡಿಗೆ ನೀರು ಹಾಕುವ ಕೆಲಸ ಸದ್ಯಕ್ಕೆ ಅವನದು.